ಕಿಂಡಿಯೊಳಗೆ ಹಿಡಿಸದ ಚೆಕ್ಕು

ಮೂರು ವರ್ಷದ ಹಿಂದಿನ ಜುಲೈ ತಿಂಗಳು. ಪುಣೆಯ ಒಂದು ಖಾಸಗಿ ಫಾರ್ಮಸಿ ಕಾಲೇಜಿನಲ್ಲಿ ನಾನು ಕಚೇರಿ ಅಧೀಕ್ಷಕನಾಗಿದ್ದೆ. ಅಧೀಕ್ಷಕ ಎಂದಕೂಡಲೇ ಓದುಗರು ದೊಡ್ಡ ಮೇಜು, ತಿರುಗುವ ಕುರ್ಚಿ, ಗಂಟೆ ಒತ್ತಿದರೆ ಓಡಿಬರುವ ಜವಾನ ಎಂದೆಲ್ಲ ಕಲ್ಪಿಸಿಕೊಳ್ಳಬಾರದು. ನನ್ನ ಸಾಮ್ರಾಜ್ಯವೆಂದರೆ ಒಂದು ಗಾಜಿನ ಗೋಡೆ, ಅದರಲ್ಲಿ ಫೀ ಕಟ್ಟಲು ಗೇಣಗಲದ ಒಂದು ಕಿಂಡಿ, ಮತ್ತು ಒಂದು ಮೈಕು.

ಮೈಕಿನ ಪೂರ್ವೇತಿಹಾಸ ಹೇಳಲೇಬೇಕು. ಕೋವಿಡ್ ಕಾಲದಲ್ಲಿ ಕಿಂಡಿಗೆ ಗಾಜು ಬಂತು. ರೋಗ ಹೋಯಿತು, ಗಾಜು ಉಳಿಯಿತು. ಗಾಜಿನಾಚೆಯವರಿಗೆ ನನ್ನ ಮಾತು ಕೇಳಿಸುತ್ತಿಲ್ಲವೆಂದು ಮೈಕು ಬಂತು. ಅದರ ಸ್ಪೀಕರು ಇಡೀ ವರಾಂಡಕ್ಕೆ ಕೇಳಿಸುವಷ್ಟು ಉದಾರವಾಗಿತ್ತು. ನಾನು ಅದರಲ್ಲಿ ಆಡುತ್ತಿದ್ದದ್ದು ಮುಖ್ಯವಾಗಿ ಎರಡು ಮಾತು. ಒಂದು, "ಪುಢೇ". ಮುಂದಿನವರು ಬನ್ನಿ ಎಂದು ಮರಾಠಿಯಲ್ಲಿ. ಎರಡನೆಯದು, ಯಾವುದಾದರೂ ಕಾಗದವನ್ನೋ ಚೆಕ್ಕನ್ನೋ ತಿರಸ್ಕರಿಸಿದರೆ ಅದರ ಕಾರಣ. ಕಾರಣ ಹೇಳದೆ ವಾಪಸು ಕೊಟ್ಟರು ಎಂಬ ದೂರುಗಳು ಹೆಚ್ಚಾಗಿ, ಕಾರಣವನ್ನು ಗಟ್ಟಿಯಾಗಿ ಓದಿ ಹೇಳತಕ್ಕದ್ದೆಂದು ಕಾಲೇಜು ನಿಯಮ ಮಾಡಿತ್ತು. ಆ ನಿಯಮ ಒಂದು ದಿನ ನನ್ನ ಕೈಯಲ್ಲಿ ಶಸ್ತ್ರವಾಗುತ್ತದೆಂದು ಮಾಡಿದವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ಕನ್ನಡ ಸಂಘದವರು ನನ್ನನ್ನು ವಿದ್ಯಾರ್ಥಿವೇತನ ಸಮಿತಿಗೆ ಸೇರಿಸಿಕೊಂಡರು. ಬಿಜಾಪುರ, ಬಾಗಲಕೋಟೆ, ಕಲಬುರ್ಗಿ ಕಡೆಯಿಂದ ಬಂದು ಪುಣೆಯಲ್ಲಿ ಅಂಗಡಿ ಹಾಕಿದವರು, ಆಫೀಸು ಸೇರಿದವರು ಕಟ್ಟಿಕೊಂಡ ಸಂಘ. ಹೆಸರು ಹೇಳುವುದಿಲ್ಲ, ಹೇಳಿದರೆ ಹುಡುಕಿಕೊಂಡು ಬಂದು ನನ್ನ ಸತ್ಕಾರ ಮಾಡಿಬಿಡುತ್ತಾರೆ. ಸಂಘದ ಹೆಮ್ಮೆಯ ಯೋಜನೆ ಎಂದರೆ 'ಪ್ರತಿಭಾ ಪುರಸ್ಕಾರ'. ಪ್ರತಿ ವರ್ಷ ಒಬ್ಬ ವಿದ್ಯಾರ್ಥಿಯ ಕಾಲೇಜಿನ ಪೂರ್ತಿ ಫೀ, ಬರೀ ಮೆರಿಟ್ ಮೇಲೆ, ಕೋರ್ಸು ಮುಗಿಯುವ ತನಕ. ಕೇಳಲು ಎಷ್ಟು ಚೆಂದ ಇದೆಯೋ ಅಷ್ಟೇ ಚೆಂದ ಕರಪತ್ರದಲ್ಲಿ ಅಚ್ಚಾಗಿತ್ತು.

ಅಂಬಿಕಾ ನನ್ನ ಕಿಂಡಿಯ ಮುಂದೆ ಮೊದಲ ಸಲ ನಿಂತದ್ದು ಜೂನ್ ತಿಂಗಳಲ್ಲಿ. ಪುಣೆಯದೇ ಕೊಂಢವಾ ಬಡಾವಣೆಯ ಹುಡುಗಿ. ತಂದೆ ಶರಣಪ್ಪ ಯಾದಗಿರಿ ಕಡೆಯವರು. ಖರಾಡಿಯ ಹೊಸ ಹೊಸ ಕಟ್ಟಡಗಳಲ್ಲಿ ಟೈಲ್ಸ್ ಕೂರಿಸುವ ಕೆಲಸ. ನನ್ನ ಬೋರ್ಡಿನ ಮೇಲಿನ 'ಹಿರೇಮಠ' ಎಂಬ ಹೆಸರು ಓದಿ, ಅಲ್ಲಿಯವರೆಗೆ ಮರಾಠಿಯಲ್ಲಿ ಮಾತಾಡುತ್ತಿದ್ದವಳು ಥಟ್ಟನೆ ಕನ್ನಡಕ್ಕೆ ಹೊರಳಿದಳು.

"ಸರ್, ಮೆರಿಟ್ ಮ್ಯಾಲ ಪೂರ್ತಿ ಫೀ ಕೊಡೋರು ಖರೇನ ಯಾರರ ಇದ್ದಾರೇನ್ರಿ? ಎರಡು ತಿಂಗಳಾತು, ಹುಡುಕಿ ಹುಡುಕಿ ಸಾಕಾಗೇದ."

ಅವಳು ಹುಡುಕಿದ್ದನ್ನೆಲ್ಲ ಹೇಳಿದಳು. ಕೇಳುತ್ತ ನನಗೆ ನಗು ಬರಬೇಕಾಗಿತ್ತು, ಸಿಟ್ಟು ಬಂತು. ಒಂದು ಖಾಸಗಿ ವಿಶ್ವವಿದ್ಯಾಲಯ ಬಸ್ಸಿನ ಬೆನ್ನಿನ ಮೇಲೆ ನೂರಕ್ಕೆ ನೂರು ಸ್ಕಾಲರ್‌ಶಿಪ್ ಎಂದು ಜಾಹೀರಾತು ಹಾಕಿತ್ತು. ಹೋಗಿ ಕೇಳಿದರೆ, ಮಾಫಿಯಾಗುವುದು ಟ್ಯೂಷನ್ ಫೀ ಮಾತ್ರ. ಇಲ್ಲಿ ಸ್ವಲ್ಪ ವಿವರಣೆ ಬೇಕು. ಕಾಲೇಜಿನ ಫೀ ಎಂಬುದು ಒಂದೇ ಮೊತ್ತವಲ್ಲ. ಪಾಠಕ್ಕೆ ಟ್ಯೂಷನ್ ಫೀ, ಕಟ್ಟಡಕ್ಕೆ ಡೆವಲಪ್‌ಮೆಂಟ್ ಫೀ, ಗಾಜು ಒಡೆದರೆ ಇರಲಿ ಎಂದು ಡಿಪಾಸಿಟ್, ಹೀಗೆ ಹಲವು ತಲೆಗಳ ರಾವಣ. ಆ ಪುಣ್ಯಾತ್ಮರು ಪಾಠದ ಫೀಯನ್ನು ಚಿಕ್ಕದು ಮಾಡಿ, ಕಟ್ಟಡದ ಫೀಯನ್ನು ದೊಡ್ಡದು ಮಾಡಿ, ಚಿಕ್ಕದನ್ನು ಸಮಾರಂಭಪೂರ್ವಕವಾಗಿ ಮಾಫಿ ಮಾಡಿದ್ದರು. ಇನ್ನೊಬ್ಬರು ಪ್ರತಿ ಸೆಮಿಸ್ಟರಿನಲ್ಲೂ ಇಡೀ ವರ್ಗಕ್ಕೆ ಮೊದಲು ಬಂದರೆ ಮಾತ್ರ ಮುಂದಿನ ಫೀ ಮಾಫಿ ಎಂದಿದ್ದರು. ಮಗು ಒಮ್ಮೆ ಜ್ವರ ಬಂದು ಎರಡನೆಯದಾದರೆ ಅರ್ಧದಲ್ಲಿ ಇಳಿದುಬಿಡಬೇಕು. ಮತ್ತೊಬ್ಬರು ಅರ್ಜಿ ಶುಲ್ಕ ತೆಗೆದುಕೊಂಡು ಅಂತರ್ಧಾನರಾಗಿದ್ದರು.

ಇನ್ನು ಸರ್ಕಾರದ ಯೋಜನೆಗಳು. ತಂದೆಯ ಜಾತಿ ಪ್ರಮಾಣಪತ್ರ ಕರ್ನಾಟಕದ್ದು ಎಂದು ಮಹಾರಾಷ್ಟ್ರದ ಕಚೇರಿ ಹೇಳಿತು. ಹುಡುಗಿ ಓದಿದ್ದು ಮಹಾರಾಷ್ಟ್ರದಲ್ಲಿ ಎಂದು ಕರ್ನಾಟಕದ ಕಚೇರಿ ಹೇಳಿತು. ಗಡಿ ವಿಷಯ ಬಂದಾಗ ಒಂದು ಅಂಗುಲ ಬಿಟ್ಟುಕೊಡದ ಎರಡು ರಾಜ್ಯಗಳು ಈ ಹುಡುಗಿಯನ್ನು ಮಾತ್ರ ನೀವೇ ಇಟ್ಟುಕೊಳ್ಳಿ, ನೀವೇ ಇಟ್ಟುಕೊಳ್ಳಿ ಎಂದು ಪರಸ್ಪರ ಅಪಾರ ಸೌಜನ್ಯ ತೋರಿದವು.

ನಾನು ಸಂಘದ ಕರಪತ್ರ ಕೊಟ್ಟೆ. ಅರ್ಜಿ ಹಾಕಿದಳು. ಬಂದ ಅರ್ಜಿಗಳಲ್ಲಿ ಅವಳ ಅಂಕಗಳ ಹತ್ತಿರಕ್ಕೆ ಯಾರೂ ಇರಲಿಲ್ಲ. ಸಮಿತಿ ಅವಳ ಹೆಸರನ್ನು ಒಮ್ಮತದಿಂದ ಆರಿಸಿತು; ನಮ್ಮ ಸಂಘದಲ್ಲಿ ಚಹಾ ಬಿಟ್ಟರೆ ಒಮ್ಮತದಿಂದ ಪಾಸಾದದ್ದು ಅದೊಂದೇ. ಜುಲೈನಲ್ಲಿ ಸರ್ಕಾರದ ಪ್ರವೇಶ ಸುತ್ತಿನಲ್ಲಿ ಅವಳಿಗೆ ನಮ್ಮ ಕಾಲೇಜಿನಲ್ಲೇ ಬಿ.ಫಾರ್ಮ್ ಸೀಟು ಬಂತು. ಫೀ ಒಂದು ಲಕ್ಷ ಹನ್ನೆರಡು ಸಾವಿರ. ಶುಕ್ರವಾರ ಸಂಜೆ ಐದರೊಳಗೆ ಕಟ್ಟಿ ಸೀಟು ಖಚಿತಪಡಿಸಬೇಕು. ಐದಾದ ಮೇಲೆ ಕಂಪ್ಯೂಟರ್ ತಾನೇ ಬಾಗಿಲು ಹಾಕಿಕೊಂಡು ಸೀಟನ್ನು ಮುಂದಿನವರಿಗೆ ದಾಟಿಸುತ್ತದೆ. ಅದಕ್ಕೆ ಕೈಮುಗಿದರೆ ಕೇಳುವುದಿಲ್ಲ, ಪ್ರಾಚಾರ್ಯರು ಫೋನ್ ಮಾಡಿದರೂ ಕೇಳುವುದಿಲ್ಲ.

ಮಂಗಳವಾರ ಶರಣಪ್ಪ ಬಂದರು. ಕೆಲಸದಿಂದ ನೇರ ಬಂದಿದ್ದರು. ತೋಳಿನ ಮೇಲೆ ಬಿಳಿ ಸಿಮೆಂಟು ಒಣಗಿತ್ತು.

"ಸಾಹೇಬ್ರ, ಸಂಘದವರಿಗೆ ಫೋನ್ ಮಾಡಿದ್ವಿ. ಚೆಕ್ ನವೆಂಬರ್ ಒಂದನೇ ತಾರೀಖಿಗಿ, ರಾಜ್ಯೋತ್ಸವದ ಸ್ಟೇಜ್ ಮ್ಯಾಲ ಕೊಡ್ತೀವಿ ಅಂದ್ರು. ಬರೂ ಮುಂದ ಫೀ ತುಂಬಿದ ಅಸಲ ರಸೀದಿ ತರಬೇಕಂತ. ತುಂಬಾಕ ಆಗ್ತಿದ್ರ ನಾವು ಅವ್ರನ್ನ ಯಾಕ ಕೇಳ್ತಿದ್ವಿರಿ?"

ಸಾಲ ಸಿಗುವುದಿಲ್ಲವೇ ಎಂದು ಕೇಳಿದೆ. ಬ್ಯಾಂಕಿನ ಶಿಕ್ಷಣ ಸಾಲ ಕೇಳಿದ್ದರು. ಬ್ಯಾಂಕಿನವರು ಮೊದಲು ಪ್ರವೇಶ ಖಚಿತವಾದ ಪತ್ರ ತನ್ನಿ ಎಂದಿದ್ದರು. ಎಲ್ಲರಿಗೂ ಕೆಲಸ ಆದಮೇಲಿನ ಕಾಗದ ಬೇಕು, ಕೆಲಸ ಆಗುವುದಕ್ಕೆ ಬೇಕಾದದ್ದನ್ನು ಕೊಡುವವರು ಯಾರೂ ಇಲ್ಲ.

ಸಂಘದ ಹಳೆಯ ಕಾರ್ಯದರ್ಶಿಯನ್ನು ವಿಚಾರಿಸಿದೆ. ಬಹಳ ಹಿಂದೆ ಒಬ್ಬ ಹುಡುಗ ಪುರಸ್ಕಾರದ ಹಣದಲ್ಲಿ ಬೈಕ್ ಕೊಂಡನಂತೆ. ಅಂದಿನಿಂದ ರಸೀದಿ ಇಲ್ಲದೆ ಚೆಕ್ ಇಲ್ಲ, ವೇದಿಕೆ ಇಲ್ಲದೆ ಚೆಕ್ ಇಲ್ಲ. ಒಂದು ಬೈಕಿನ ಹೊಗೆ ಸಂಘದ ಕಣ್ಣಿಗೆ ಎಷ್ಟು ವರ್ಷ ಹಿಡಿದು ಕೂತಿತ್ತೆಂದರೆ, ಆಮೇಲೆ ಪೂರ್ತಿ ಫೀ ಸಿಕ್ಕಿದ್ದೆಲ್ಲ ಫೀ ಮೊದಲೇ ಕಟ್ಟಿ ಕುಳಿತವರ ಮಕ್ಕಳಿಗೆ. ಡಾಕ್ಟರ ಮಗ, ಬಿಲ್ಡರನ ಮಗಳು, ಐಟಿ ಮ್ಯಾನೇಜರನ ಮಗ. ಮಕ್ಕಳು ಜಾಣರೇ, ಅವರ ಬಗ್ಗೆ ನನಗೆ ದೂರಿಲ್ಲ. ಆದರೆ ಪ್ರತಿ ಸಲ ಅವರಿಗಿಂತ ಮೇಲೆ ಒಂದು ಹೆಸರು ಇರುತ್ತಿತ್ತು, ಅದರ ಮುಂದೆ 'ರಸೀದಿ ಹಾಜರುಪಡಿಸಲಿಲ್ಲ, ಅನರ್ಹ' ಎಂಬ ಷರಾ ಬೀಳುತ್ತಿತ್ತು. ಆ ಮಕ್ಕಳು ಈಗ ಎಲ್ಲಿದ್ದಾರೋ, ಏನು ಮಾಡುತ್ತಿದ್ದಾರೋ. ಅವರನ್ನು ಅನರ್ಹರೆಂದು ಬರೆದ ಕೈಗಳು ನವೆಂಬರ್ ಒಂದರಂದು ಚಪ್ಪಾಳೆ ತಟ್ಟುತ್ತಿದ್ದವು. ಇದನ್ನು ಬರೆಯುವಾಗಲೂ ನನ್ನ ರಕ್ತ ಕುದಿಯುತ್ತದೆ. ಡಾಕ್ಟರು ಬಿಪಿ ಮಾತ್ರೆ ತಪ್ಪಿಸಬೇಡಿ ಎಂದಿದ್ದಾರೆ, ತಪ್ಪಿಸಿಲ್ಲ.

ಬುಧವಾರ ಅರ್ಧ ದಿನ ರಜೆ ಹಾಕಿ ಪುಣೆಯ ಹತ್ತಿರದ ಸಾಸವಡಕ್ಕೆ ಹೋದೆ. ಸಂಘದ ಅಧ್ಯಕ್ಷರು ಅಲ್ಲಿ ಕಿರಾಣಿ ಸಗಟು ವ್ಯಾಪಾರ ಮಾಡುತ್ತಾರೆ. ಎಲ್ಲರೂ ಅಪ್ಪಾಸಾಹೇಬ ಎನ್ನುತ್ತಾರೆ, ನಾನೂ ಹಾಗೇ ಎನ್ನುತ್ತೇನೆ. ಕೆಟ್ಟ ಮನುಷ್ಯರಲ್ಲ. ವ್ಯವಹಾರದಲ್ಲಿ ಶುದ್ಧ, ಅವರ ಚೆಕ್ಕು ಒಮ್ಮೆಯೂ ಬ್ಯಾಂಕಿನಿಂದ ತಿರುಗಿ ಬಂದದ್ದಿಲ್ಲ ಎಂದು ಪೇಟೆಯಲ್ಲಿ ಹೆಸರು. ಅವರಿಗೆ ಇದ್ದದ್ದು ಒಂದೇ ವ್ಯಾಧಿ, ಸತ್ಕಾರ. ಅಂಗಡಿಯ ಗೋಡೆ ಕಾಣುತ್ತಿರಲಿಲ್ಲ, ಅಷ್ಟು ಫೋಟೊಗಳು. ಶಾಲು ಹೊದಿಸುತ್ತಿರುವ ಅಪ್ಪಾಸಾಹೇಬರು, ಶಾಲು ಹೊದಿಸಿಕೊಳ್ಳುತ್ತಿರುವ ಅಪ್ಪಾಸಾಹೇಬರು, ಪಾಲಖಿಯ ದಿನ ಪಂಢರಪುರಕ್ಕೆ ನಡೆದು ಹೋಗುವ ವಾರಕರಿಗಳಿಗೆ ಬಾಳೆಹಣ್ಣು ಕೊಡುತ್ತ ಕ್ಯಾಮೆರಾ ಕಡೆ ನೋಡುತ್ತಿರುವ ಅಪ್ಪಾಸಾಹೇಬರು.

ನಾನು ವಿಷಯ ಹೇಳಿದೆ. ಅವರು ಗಲ್ಲಾಪೆಟ್ಟಿಗೆಯ ಮೇಲೆ ಕೈಯಿಟ್ಟು ಶಾಂತವಾಗಿ ಕೇಳಿದರು.

"ಅಲ್ರಿ ಹಿರೇಮಠರ, ಸತ್ಕಾರ ಇಲ್ದ ಚೆಕ್ ಕೊಡೂದಂದ್ರ ಅಕ್ಷತಾ ಇಲ್ದ ಲಗ್ನ ಮಾಡಿದಂಗ. ನಾಕು ಮಂದಿ ನೋಡಬೇಕು, ಉಳದ ಹುಡುಗರಿಗಿ ಹುರುಪು ಬರಬೇಕು. ಎಲ್ಲೆರ ಹೊಂದಿಸಿ ಈಗ ತುಂಬಲಿ, ನವೆಂಬರ್‌ದಾಗ ನಾವು ಕೊಡೂದು ಗ್ಯಾರಂಟಿ."

"ಹೊಂದಸಾಕ ಆಗೂದಿಲ್ಲಂತನ ನಮ್ಮ ಕಡೆ ಬಂದಾರ್ರಿ."

"ಇದು ಮೆರಿಟ್ ಸ್ಕಾಲರ್‌ಶಿಪ್ರಿ. ಬಡತನ ನೋಡೂದು ಬ್ಯಾರೆ ಸಮಿತಿ."

"ಆ ಸಮಿತ್ಯಾಗ ಯಾರ್ಯಾರು ಅದಾರ್ರಿ?"

"ಇನ್ನೂ ಮಾಡಿಲ್ಲ," ಎಂದರು ಅಪ್ಪಾಸಾಹೇಬರು.

ನನಗೆ ಎದ್ದು ಬರಬೇಕೆನ್ನಿಸಿತು. ಆದರೆ ಎದ್ದು ಬಂದರೆ ಶುಕ್ರವಾರ ಹೋಗುವುದು ನನ್ನ ಸೀಟಲ್ಲ, ಅಂಬಿಕಾಳದು. ಸಿಟ್ಟನ್ನು ಚಹಾದ ಜೊತೆ ನುಂಗಿ ಗೋಡೆಯ ಫೋಟೊಗಳನ್ನು ಇನ್ನೊಮ್ಮೆ ನೋಡಿದೆ.

"ಅಪ್ಪಾಸಾಹೇಬ್ರ, ಸತ್ಕಾರ ಬ್ಯಾಡ ಅಂತ ಯಾರಂದ್ರು? ಶುಕ್ರವಾರ ನಮ್ಮ ಕಾಲೇಜಿಗೇ ಬರ್ರಿ. ಫೀ ಕಿಂಡಿ ಮುಂದನ ಮಾಡೂಣು. ನೂರು ಮಂದಿ ಪಾಳಿ ಹಚ್ಚಿರ್ತಾರ. ಪ್ರಾಚಾರ್ಯ ಬಾಯಿಯವರು ನಿಮಗ ಶಾಲು ಹೊದಿಸ್ತಾರ."

ಅವರೂ ಗೋಡೆಯ ಕಡೆ ನೋಡಿದರು. "ಫೋಟೊಗ್ರಾಫರ್ ನಾ ಕರ್ಕೊಂಡು ಬರ್ತೀನಿ," ಎಂದರು. ಒಪ್ಪಂದ ಮುಗಿಯಿತು. ಅವರಿಗೆ ಹೊದಿಸುವ ಶಾಲನ್ನು ನಾನು ಲಕ್ಷ್ಮೀ ರಸ್ತೆಯಲ್ಲಿ ಕೈಯಿಂದ ರೊಕ್ಕ ಹಾಕಿ ತಂದೆ. ಪ್ರಾಚಾರ್ಯ ಮೇಡಂ ಐದು ನಿಮಿಷ ಕೊಟ್ಟರು. ನನ್ನ ಮುಖ ನೋಡಿ ಕಾರಣ ಕೇಳಲಿಲ್ಲ.

ಶುಕ್ರವಾರ ಬಂತು. ಮೂರಕ್ಕೆ ಬರುತ್ತೇನೆಂದ ಅಪ್ಪಾಸಾಹೇಬರು ನಾಲ್ಕರ ನಂತರ ಬಂದರು, ತಲೆಗೆ ಗುಲಾಬಿ ಫೇಟಾ ಸುತ್ತಿಕೊಂಡು. ಅಂಬಿಕಾ ಬೆಳಿಗ್ಗೆಯಿಂದ ಕಾದಿದ್ದಳು. ಶರಣಪ್ಪ ಒಂದು ದಿನದ ಪಗಾರ ಬಿಟ್ಟು ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದಿದ್ದರು. ಪ್ರಾಚಾರ್ಯ ಮೇಡಂ ಶಾಲು ಹೊದಿಸಿ ತಮ್ಮ ಐದು ನಿಮಿಷ ಮುಗಿಸಿ ಒಳಗೆ ಹೋದರು. ಅಂಬಿಕಾಳಿಗೆ ಶಾಲು, ತೆಂಗಿನಕಾಯಿ, ಹಾರ. ಹಾರ ಕ್ಯಾಮೆರಾಕ್ಕೆ ಸರಿಯಾಗಿ ಬರಲಿಲ್ಲವೆಂದು ತೆಗೆದು ಇನ್ನೊಮ್ಮೆ ಹಾಕಿದರು. ಆಮೇಲೆ ಅಪ್ಪಾಸಾಹೇಬರು ಪಾಳಿಯಲ್ಲಿ ನಿಂತವರನ್ನು ಉದ್ದೇಶಿಸಿ ಶಿಕ್ಷಣದ ಮಹತ್ವದ ಬಗ್ಗೆ ಮರಾಠಿಯಲ್ಲಿ ಭಾಷಣ ಶುರುಮಾಡಿದರು. ಶಿಕ್ಷಣಕ್ಕಾಗಿ ಫೀ ಕಟ್ಟಲು ಬಂದವರನ್ನು ನಿಲ್ಲಿಸಿ ಶಿಕ್ಷಣದ ಮಹತ್ವ ಹೇಳುವುದನ್ನು ನಾನು ನನ್ನ ಸೇವಾವಧಿಯಲ್ಲಿ ಅಂದೇ ಮೊದಲು ಕಂಡದ್ದು.

ಗಡಿಯಾರ ನೋಡಿದೆ. ಮೈಕು ಹತ್ತಿರ ಎಳೆದುಕೊಂಡೆ.

"ಪುಢೇ!"

ಭಾಷಣ ತುಂಡಾಯಿತು. ಅಪ್ಪಾಸಾಹೇಬರು ನನ್ನ ಕಡೆ ನೊಂದ ನೋಟ ಬೀರಿ ಡ್ರೈವರನಿಗೆ ಕೈ ಮಾಡಿದರು. ಅವನು ಕಾರಿನಿಂದ ಚೆಕ್ಕು ತಂದ. ತಂದ ಎನ್ನುವುದಕ್ಕಿಂತ ಹೊತ್ತು ತಂದ ಎನ್ನಬೇಕು. ಒಂದಾಳು ಕೈ ಚಾಚಿದಷ್ಟು ಅಗಲದ ಥರ್ಮೋಕೋಲ್ ಚೆಕ್ಕು! ಅದರ ಮೇಲೆ ಅಂಬಿಕಾಳ ಹೆಸರು, ಮೊತ್ತ, ಸಂಘದ ಹೆಸರು. ಕೆಳಗೆ ಅದಕ್ಕಿಂತ ದಪ್ಪ ಅಕ್ಷರದಲ್ಲಿ ಅಪ್ಪಾಸಾಹೇಬರ ಅಂಗಡಿಯ ಹೆಸರು, 'ಸೌಜನ್ಯ' ಎಂದು. ತಂದೆ ಒಂದು ತುದಿ, ಮಗಳು ಒಂದು ತುದಿ, ನಡುವೆ ಅಪ್ಪಾಸಾಹೇಬರು ಹಿಡಿದು ನಿಂತರು. ಫೋಟೊ ಆಯಿತು.

"ಖರೇ ಚೆಕ್ ಎಲ್ಲಿ ಅದ್ರಿ?" ಎಂದು ಗಾಜಿನ ಹಿಂದಿನಿಂದ ಕೇಳಿದೆ.

"ಅದಕ್ಕ ಖಜಾಂಚಿ ಸಹಿ ಆಗಬೇಕ್ರಿ. ನೀವು ರಸೀದಿ ಕೊಡ್ರಿ, ಸೋಮವಾರ ಸಹಿ ಮಾಡಸ್ತೀನಿ."

ಸಿಟ್ಟಿನಲ್ಲಿ ಹಲವು ಬಗೆಗಳಿವೆ. ಕೂಗಿಸುವ ಸಿಟ್ಟು ಸಾಮಾನ್ಯದ್ದು. ಆ ಹೊತ್ತು ನನಗೆ ಬಂದದ್ದು ಮನುಷ್ಯನನ್ನು ಅತ್ಯಂತ ವಿನಯಶೀಲನನ್ನಾಗಿ ಮಾಡುವ ಸಿಟ್ಟು. ಮಾತಾಡಲು ಬಾಯಿ ತೆರೆಯುವ ಮುಂಚೆಯೇ ಅಂಬಿಕಾ ಆ ಥರ್ಮೋಕೋಲನ್ನು ಒಬ್ಬಳೇ ಎತ್ತಿಕೊಂಡು ಕಿಂಡಿಯ ಹತ್ತಿರ ಬಂದಳು. ಕೊರಳಲ್ಲಿ ಹಾರ ಹಾಗೇ ಇತ್ತು. ಚೆಕ್ಕಿನ ಮೂಲೆಯನ್ನು ಕಿಂಡಿಗೆ ಒತ್ತಿ ಹಿಡಿದು, ಇಡೀ ಪಾಳಿಗೆ ಕೇಳುವಂತೆ ಹೇಳಿದಳು.

"ತಗೊಳ್ರಿ ಸರ್, ನನ್ನ ಫೀ. ಒಳಗ ಹೋಗವಲ್ದು ನೋಡ್ರಿ. ಹೋಗೂದಿಲ್ಲಂದ್ರ ಯಾಕ ಹೋಗೂದಿಲ್ಲ ಅಂತ ಹೇಳಿಬಿಡ್ರಿ, ಮನಿಗಿ ಹೋಗ್ತೀವಿ."

ಯಾಕೆ ಎಂದು ಕೇಳಿದ ಮೇಲೆ ಹೇಳುವುದು ನನ್ನ ಕರ್ತವ್ಯ. ಕನ್ನಡಕ ಹಾಕಿಕೊಂಡೆ. ಚೆಕ್ಕನ್ನು ಗಾಜಿನ ಮೂಲಕ ಎಡದಿಂದ ಬಲಕ್ಕೆ ಪರಿಶೀಲಿಸಿದೆ. ಮೈಕಿನಲ್ಲಿ, ನಿಯಮದ ಪ್ರಕಾರ, ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ ಓದಿದೆ.

"ಚೆಕ್ಕು ನಾಮಂಜೂರು. ಕಾರಣ: ಸಹಿ ಇಲ್ಲ. ದಿನಾಂಕ ಇಲ್ಲ. ಕಿಂಡಿಯಲ್ಲಿ ಹಿಡಿಸುವುದಿಲ್ಲ. ಚೆಕ್ಕು ಕೊಟ್ಟವರು..."

ಎಂದು ಅಂಗಡಿಯ ಪೂರ್ತಿ ಹೆಸರನ್ನು, ಸಾಸವಡ ಸಮೇತ, ಸಾವಕಾಶವಾಗಿ ಓದಿದೆ.

ಅಪ್ಪಾಸಾಹೇಬರ ಮುಖ ಫೇಟಾದ ಬಣ್ಣಕ್ಕೆ ತಿರುಗಿತು. "ಏ ಹಿರೇಮಠರ, ಮೈಕ್ ಬಂದ್ ಮಾಡ್ರಿ! ನನ್ನ ಚೆಕ್ ಜಲ್ಮದಾಗ ತಿರುಗಿ ಬಂದಿಲ್ಲ!"

"ಈಗ ಬಂತ್ರಿ," ಎಂದೆ. ಅದೂ ಮೈಕಿನಲ್ಲೇ ಹೋಯಿತು.

ಪಾಳಿಯಲ್ಲಿ ಮೂವರು ನಾಲ್ವರು ಫೋನು ಎತ್ತಿ ವಿಡಿಯೊ ತೆಗೆಯತೊಡಗಿದ್ದರು. ಬಗಲಿಗೆ ಚೀಲ ಹಾಕಿಕೊಂಡಿದ್ದ ಒಬ್ಬ ವಯಸ್ಸಾದ ಪುಣೇಕರರು, ಮೊಮ್ಮಗನ ಫೀ ಕಟ್ಟಲು ಬಂದವರು, ಆ ಊರಿನವರಿಗೆ ಮಾತ್ರ ಸಾಧ್ಯವಾದ ತಣ್ಣನೆಯ ದನಿಯಲ್ಲಿ, "ಅಹೋ, ಫೋಟೊ ಝಾಲಾ ನಾ? ಆತಾ ಪೈಸೆ ಭರಾ!" ಎಂದರು. ಫೋಟೊ ಆಯಿತಲ್ಲ, ಈಗ ರೊಕ್ಕ ತುಂಬಿ! ಇಡೀ ವರಾಂಡ ನಕ್ಕಿತು. ಶರಣಪ್ಪ ಮಾತ್ರ ನಗಲಿಲ್ಲ. ಅವರು ಗಡಿಯಾರ ನೋಡುತ್ತಿದ್ದರು.

ಅಪ್ಪಾಸಾಹೇಬರು ಫೋನು ತೆಗೆದು ಅಂಗಡಿಯಲ್ಲಿದ್ದ ಮಗನಿಗೆ ಹಚ್ಚಿದರು. "ಈಗಿಂದೀಗ ಕಾಲೇಜಿನ ಖಾತೆಗೆ ಹಾಕು. ಅಂಗಡಿ ಖಾತೆಯಿಂದನ ಹಾಕು. ಯಾಕ ಅಂತ ಕೇಳಬ್ಯಾಡ, ಮೊದಲ ಹಾಕು!" ಖಾತೆಯ ನಂಬರನ್ನು ನಾನು ಮೈಕಿನಲ್ಲಿ ಒಂದೊಂದೇ ಅಂಕಿಯಾಗಿ ಹೇಳಿದೆ. ಹಣ ಜಮೆಯಾಗಿ, ಸೀಟು ಖಚಿತವಾಗಿ, ರಸೀದಿ ಪ್ರಿಂಟರಿನಿಂದ ಹೊರಬಿದ್ದಾಗ ಐದಕ್ಕೆ ಹನ್ನೊಂದು ನಿಮಿಷ ಉಳಿದಿತ್ತು. ರಸೀದಿ ಕಿಂಡಿಯಲ್ಲಿ ಸಲೀಸಾಗಿ ಹಾಯ್ದುಹೋಯಿತು. ಶರಣಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು, ಓದಲು ಬಾರದಿದ್ದರೂ, ಮೇಲಿನಿಂದ ಕೆಳಗಿನ ತನಕ ನೋಡಿದರು.

ಅಷ್ಟರಲ್ಲಿ ಅಪ್ಪಾಸಾಹೇಬರು ಸಾವರಿಸಿಕೊಂಡಿದ್ದರು. "ಅಸಲ ರಸೀದಿ ನಮಗ ಬೇಕ್ರಿ, ರೂಲ್ ಅದ," ಎಂದರು.

"ಝೆರಾಕ್ಸ್ ಕಳಸ್ತೀನ್ರಿ," ಎಂದಳು ಅಂಬಿಕಾ, ರಸೀದಿಯನ್ನು ತಂದೆಯ ಕೈಯಿಂದ ತೆಗೆದು ಚೀಲಕ್ಕೆ ಹಾಕುತ್ತ.

ಇಲ್ಲಿಗೆ ಕತೆ ಮುಗಿದು ಎಲ್ಲರಿಗೂ ಜ್ಞಾನೋದಯವಾಯಿತೆಂದು ಬರೆಯಲು ನನಗೂ ಆಸೆ ಇದೆ. ಆಗಲಿಲ್ಲ. ಮುಂದಿನ ಸಮಿತಿ ಸಭೆಯಲ್ಲಿ ಚೆಕ್ಕಿನ ತಾರೀಖು ಬದಲಾಯಿಸುವ ವಿಷಯ ತೆಗೆದೆ; ಪರಂಪರೆ ಎಂದರು, ದಾನಿಗಳ ಭಾವನೆ ಎಂದರು, ಒಬ್ಬರು ಬೈಕಿನ ಕತೆಯನ್ನು ಮೊದಲಿನಿಂದ ಹೇಳಿದರು. ಚರ್ಚೆ ಮುಂದೂಡಲ್ಪಟ್ಟಿತು. ರಾಜ್ಯೋತ್ಸವಕ್ಕೆ ಅಂಬಿಕಾಳನ್ನು ಮತ್ತೆ ಸತ್ಕಾರಕ್ಕೆ ಕರೆದರು. ಕಿಂಡಿಯ ಮುಂದೆ ಆದದ್ದು ಲೆಕ್ಕಕ್ಕಿಲ್ಲವಂತೆ, ಫೋಟೊದಲ್ಲಿ ಎಲ್ಲರ ಕಣ್ಣು ಮುಚ್ಚಿದ್ದವಂತೆ. ಅವಳಿಗೆ ಮರುದಿನ ಪರೀಕ್ಷೆ ಇತ್ತು, ಬರಲಿಲ್ಲ. "ಎಷ್ಟು ಸೊಕ್ಕು ನೋಡ್ರಿ ಆ ಹುಡಿಗಿದು," ಎಂದು ಅಪ್ಪಾಸಾಹೇಬರು ವೇದಿಕೆಯ ಹಿಂದೆ ನನಗೆ ಹೇಳಿ, ಅವಳಿಗೆಂದು ತಂದ ಶಾಲನ್ನು ನನ್ನ ಕೈಗೆ ಕೊಟ್ಟರು.

"ಸೊಕ್ಕಲ್ರಿ, ಓದು," ಎಂದೆ. ಇನ್ನೂ ಬಹಳ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ನಾಡಗೀತೆ ಶುರುವಾಯಿತು.

ಮೂವತ್ತು ವರ್ಷಕ್ಕೂ ಮಿಕ್ಕಿ ಕಿಂಡಿಯ ಹಿಂದೆ ಕುಳಿತು ನಾನು ಕಲಿತದ್ದು ಇದು, ಫೀ ಕಟ್ಟುವ ಮಕ್ಕಳ ತಂದೆತಾಯಿಗಳು ಬೇಕಾದರೆ ಬರೆದಿಟ್ಟುಕೊಳ್ಳಲಿ: ಯಾವ ವಿದ್ಯಾರ್ಥಿವೇತನವೇ ಆಗಲಿ, ಎಷ್ಟು ಕೊಡುತ್ತೀರಿ ಎಂದು ಕೇಳುವ ಮೊದಲು ಯಾವತ್ತು ಕೊಡುತ್ತೀರಿ ಎಂದು ಕೇಳಬೇಕು. ಆ ಪ್ರಶ್ನೆಗೆ ಕೊಡುವವರು ತಡವರಿಸಿದರೆ, ಅದು ನಿಮ್ಮ ಮಗುವಿನ ಓದಿಗಾಗಿ ಇಟ್ಟ ಹಣವಲ್ಲ, ಅವರ ಫೋಟೊಕ್ಕಾಗಿ ಇಟ್ಟದ್ದು. ಈ ಪಾಠವನ್ನು ನನಗಿಂತ ಬೇಗ ಕಲಿತವಳು ಅಂಬಿಕಾ.

ನವೆಂಬರ್ ಎರಡನೇ ವಾರ ಅವಳು ಪರೀಕ್ಷೆ ಮುಗಿಸಿ ಕಿಂಡಿಯ ಹತ್ತಿರ ಬಂದಾಗ ನಾನು ಶಾಲನ್ನು ಮಡಿಸಿ ಹೊರಗೆ ಚಾಚಿದೆ. ಅವಳು ಮುಟ್ಟಲಿಲ್ಲ.

"ಒಂದು ಶಾಲು ಅದ ಸರ್. ಅವ್ವ ಹೊದ್ಕೋತಾಳ. ಎರಡನೇದು ತಿರುಗಿ ಕಳಸ್ರಿ. ಕಳಸೂ ಮುಂದ ಅವ್ರಿಗಿ ಎರಡನೇ ವರ್ಷದ ಫೀ ಯಾವ ತಾರೀಖಿಗಿ ಅದ ಅಂತ ಈಗ ಹೇಳಿಬಿಡ್ರಿ."

ತಾರೀಖನ್ನು ಒಂದು ಚೀಟಿಯಲ್ಲಿ ದಪ್ಪಗೆ ಬರೆದು, ಶಾಲಿನ ಮಡಿಕೆಗೆ ಪಿನ್ ಚುಚ್ಚಿ, ಸಾಸವಡಕ್ಕೆ ಕೊರಿಯರ್ ಮಾಡಿದೆ. ಮುಂದಿನ ವರ್ಷ ಹಣ ಆ ತಾರೀಖಿಗಿಂತ ಎರಡು ದಿನ ಮೊದಲೇ ಕಾಲೇಜಿನ ಖಾತೆಗೆ ಬಂತು. ಫೋಟೊಗ್ರಾಫರ್ ಬರಲಿಲ್ಲ, ಫೇಟಾ ಬರಲಿಲ್ಲ. ಕೊರಿಯರಿನಲ್ಲಿ ಅದೇ ಶಾಲು ಮಾತ್ರ ಮತ್ತೆ ಬಂತು. ಚೀಟಿ ಇರಲಿಲ್ಲ, ನನ್ನ ಪಿನ್ನು ಇನ್ನೂ ಅದರಲ್ಲೇ ಇತ್ತು.